ಐದನೆಯ ಓಟಗಾರನ ಬೆಲೆ

ಹುಲ್ಲು, ಕೆಸರು, ದಿಣ್ಣೆಗಳ ಮೇಲೆ ಓಡುವ ಸ್ಪರ್ಧೆಯೇ ಕ್ರಾಸ್ ಕಂಟ್ರಿ. ಅಮೆರಿಕದ ಪ್ರೌಢಶಾಲೆಗಳಲ್ಲಿ ಇದಕ್ಕಾಗಿ ಪ್ರದೇಶ ಪ್ರದೇಶಗಳ ನಡುವೆಯೇ ಪೈಪೋಟಿ ಇದೆ. ಸಾಮಾನ್ಯವಾಗಿ ಒಂದು ತಂಡದಿಂದ ಏಳು ಮಂದಿ ಓಡುತ್ತಾರೆ. ಅವರಲ್ಲಿ ಮುಂದೆ ಬಂದ ಐವರ ಸ್ಥಾನಗಳನ್ನು ಕೂಡಿಸುತ್ತಾರೆ. ಮೊತ್ತ ಕಡಿಮೆಯಿದ್ದ ತಂಡಕ್ಕೆ ಗೆಲುವು.

ಒಂದು ತಂಡಕ್ಕೆ 1, 2, 20, 30, 40ನೇ ಸ್ಥಾನಗಳು ಬಂದರೆ ಮೊತ್ತ 93. ಇನ್ನೊಂದಕ್ಕೆ 10, 12, 14, 16, 18 ಬಂದರೆ 70. ಮೊದಲ ಎರಡೂ ಸ್ಥಾನ ಪಡೆದ ತಂಡವೇ ಸೋತಿತು!

2004ರಲ್ಲಿ ಆರಂಭವಾದ ನೈಕಿ ರಾಷ್ಟ್ರೀಯ ಸ್ಪರ್ಧೆಗೆ ಪ್ರದೇಶವಾರು ಅರ್ಹತೆ ಪಡೆದ ತಂಡಗಳು ಬರುತ್ತವೆ. ನ್ಯೂಯಾರ್ಕ್ ರಾಜ್ಯದ ಫೆಯೆಟ್‌ವಿಲ್-ಮ್ಯಾನ್ಲಿಯಸ್ ಶಾಲೆಯ ಬಾಲಕಿಯರು ಅಲ್ಲಿ 2006ರಿಂದ 2012ರವರೆಗೆ ಸತತ ಏಳು ಸಲ ಗೆದ್ದರು. ಒಬ್ಬಳೇ ಎಷ್ಟು ವೇಗವಾಗಿ ಓಡಿದರೂ ಇಂಥ ಗೆಲುವು ಸಿಗದು. ಹಿಂದೆ ಬರುತ್ತಿರುವ ಐದನೆಯವಳು ದಾಟುವ ಪ್ರತಿ ಎದುರಾಳಿಯೂ ತಂಡದ ಲೆಕ್ಕಕ್ಕೆ ಸೇರುತ್ತಾಳೆ.