ಗಣಕಯಂತ್ರದಲ್ಲಿ ಹಳೆಯ ಕನ್ನಡ ಬರೆಹಗಳು

ಈ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿನಿಯರು ಕಳುಹಿಸಿದ ಲೇಖನಗಳಲ್ಲೊಂದು ನಮ್ಮ ಗಣಕಯಂತ್ರದ ತೆರೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೋರಿತು. ಕೆಟ್ಟುಹೋಯಿತೆಂದು ಬಗೆದು ನಾವೇ ಅದನ್ನು ಅಳಿಸಿಬಿಟ್ಟೆವು. ಬರೆದಾಕೆಯ ಬಳಿ ಬೇರೆ ಪ್ರತಿಯಿರಲಿಲ್ಲ. ಕಡತವಾದರೋ ಕೆಟ್ಟಿರಲಿಲ್ಲ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳು ರೋಮನ್ ಅಕ್ಷರಗಳಿಗೆ ಸಲ್ಲುವ ಸಂಕೇತಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದುವು. ಆ ಫಾಂಟಿಲ್ಲದ ಯಂತ್ರಕ್ಕೆ ಅವು ರೋಮನ್ ಅಕ್ಷರಗಳೇ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಮೂಲಾಕ್ಷರಗಳಿಗೆ ತಮ್ಮವೇ ಆದ ಸಂಖ್ಯೆಗಳುಂಟು. ಹಳೆಯ ಕಡತಗಳನ್ನು ಯೂನಿಕೋಡಿಗೆ ಮಾರ್ಪಡಿಸುವ ಸಾಧನಗಳು ಅಂತರಜಾಲದಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ. ಮಾರ್ಪಡಿಸಿದ ಬಳಿಕ ಒತ್ತಕ್ಷರಗಳನ್ನೂ ಅರ್ಕಾವೊತ್ತನ್ನೂ ವಿಶೇಷವಾಗಿ ತಿದ್ದಿ ನೋಡಬೇಕು. ಅಲ್ಲಿಯೇ ತಪ್ಪುಗಳು ನುಸುಳುವುದುಂಟು. ಅಷ್ಟರವರೆಗೆ ಮೂಲ ಕಡತವನ್ನು ದಯಮಾಡಿ ಅಳಿಸದಿರಿ.