ಸೊಂಟದ ರಿವಾಲ್ವರು ಮತ್ತು ಸಂವೇಗದ ಲೆಕ್ಕ

ಸಂವೇಗ ಸಂರಕ್ಷಣೆಯ ನಿಯಮವನ್ನು ಬೋಧಿಸುವಾಗ ಬಂದೂಕು ಮತ್ತು ಗುಂಡಿನ ಉದಾಹರಣೆ ಕೊಡದ ಶಿಕ್ಷಕರು ವಿರಳ. ಲೆಕ್ಕಕ್ಕೆ ಉತ್ತರ ಬಂದೊಡನೆ ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ಆದರೆ ಇದೇ ಲೆಕ್ಕದ ಮೇಲೆ ಕೆಲವರ ಪ್ರಾಣ ನಿಂತಿದ್ದ ಕಾಲವೊಂದಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಪಶ್ಚಿಮ ಪ್ರಾಂತಗಳಲ್ಲಿ ಸೈನಿಕರು, ದನಗಾಹಿಗಳು, ಪೊಲೀಸ್ ಅಧಿಕಾರಿಗಳು ರಿವಾಲ್ವರ್ ಒಯ್ಯುತ್ತಿದ್ದರು. ಅವರು ಅದನ್ನು ಆರಿಸಿಕೊಳ್ಳುವಾಗ ಎದುರಾಗುತ್ತಿದ್ದ ಇಕ್ಕಟ್ಟುಗಳೆಲ್ಲ ಮೂಲತಃ ಭೌತವಿಜ್ಞಾನದವೇ.

ಹೊರುವ ತೂಕ

ರಿವಾಲ್ವರಿನಲ್ಲಿ ಹಲವು ಕುಳಿಗಳಿರುವ ಒಂದು ಸಿಲಿಂಡರ್ ಇರುತ್ತದೆ. ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದಾಗ ಸಿಲಿಂಡರ್ ತಿರುಗಿ ಮುಂದಿನ ಕುಳಿ ನಳಿಗೆಯ ನೇರಕ್ಕೆ ಬರುತ್ತದೆ. ಕುದುರೆ ಸವಾರರಿಗಾಗಿ ಸ್ಯಾಮ್ಯುಯೆಲ್ ಕೋಲ್ಟ್ 1847ರಲ್ಲಿ ತಯಾರಿಸಿಕೊಟ್ಟ 'ವಾಕರ್' ಮಾದರಿ ಬಲಶಾಲಿಯಾಗಿತ್ತು. ಆದರೆ ಅದರ ತೂಕ ಎರಡು ಕಿಲೋಗ್ರಾಂಗೂ ಹೆಚ್ಚು. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ದಿನವಿಡೀ ಓಡಾಡುವುದು ಕಷ್ಟ. ಹಾಗಾಗಿ ಅದು ಕುದುರೆಯ ಜೀನಿಗೆ ತೂಗುಹಾಕಿದ ಒರೆಯಲ್ಲಿ ಸಾಗುತ್ತಿತ್ತು.

ಅದೇ ಕೋಲ್ಟ್ ಕಂಪನಿಯ 1851ರ 'ನೇವಿ' ಮಾದರಿಯ ತೂಕ ಸುಮಾರು 1.2 ಕಿಲೋಗ್ರಾಂ. ಸೊಂಟದ ಮೇಲೆ ಇದು ಸಲೀಸು. 'ವೈಲ್ಡ್ ಬಿಲ್' ಎಂದು ಹೆಸರಾದ ಜೇಮ್ಸ್ ಬಟ್ಲರ್ ಹಿಕಾಕ್ ಇಂಥದೇ ಜೋಡಿಯೊಂದನ್ನು ಒಯ್ಯುತ್ತಿದ್ದ. ಆದರೆ ಇದರ ಗುಂಡು ಕೇವಲ 5 ಗ್ರಾಂ ಆಸುಪಾಸಿನದು. ಇವೆರಡರ ನಡುವೆ ಹದವೊಂದನ್ನು ಹುಡುಕಿದ್ದು 1873ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಕೋಲ್ಟ್ ರಿವಾಲ್ವರ್. ಮದ್ದು, ಗುಂಡುಗಳನ್ನು ಕುಳಿಗೆ ಬಿಡಿಬಿಡಿಯಾಗಿ ತುಂಬುವ ಬದಲು ಇದಕ್ಕೆ ಲೋಹದ ತೋಟಾ ಬಳಸುತ್ತಿದ್ದರು.

ಕೈಗೆಷ್ಟು, ಗುಂಡಿಗೆಷ್ಟು?

ಈ 1873ರ ರಿವಾಲ್ವರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಗುಂಡಿನ ರಾಶಿ 16.5 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 260 ಮೀಟರ್, ರಿವಾಲ್ವರಿನ ರಾಶಿ 1.05 ಕಿಲೋಗ್ರಾಂ ಎಂದಿರಲಿ.

ಗುಂಡಿನ ಸಂವೇಗ = 0.0165 × 260 = 4.3 ಕಿಗ್ರಾಂ ಮೀ/ಸೆ

ಇಷ್ಟೇ ಸಂವೇಗ ವಿರುದ್ಧ ದಿಕ್ಕಿನಲ್ಲಿ ರಿವಾಲ್ವರಿಗೂ ಸಿಗಬೇಕು. ಆದ್ದರಿಂದ ಅದು ಸೆಕೆಂಡಿಗೆ ಸುಮಾರು 4.1 ಮೀಟರ್ ವೇಗದಲ್ಲಿ ಹಿಮ್ಮೆಟ್ಟುತ್ತದೆ. ಹೊರನುಗ್ಗುವ ಅನಿಲಗಳ ಸಂವೇಗವನ್ನೂ ಸೇರಿಸಿದರೆ ವಾಸ್ತವದಲ್ಲಿ ಇದು ಇನ್ನೂ ಹೆಚ್ಚು. ಇನ್ನು ಚಲನಶಕ್ತಿ: ಗುಂಡಿಗೆ 558 ಜೌಲ್, ರಿವಾಲ್ವರಿಗೆ ಸುಮಾರು 9 ಜೌಲ್ ಮಾತ್ರ. ಸಂವೇಗ ಸಮಪಾಲು; ಶಕ್ತಿ ಹಾಗಲ್ಲ. ಶಕ್ತಿಯ ಹಂಚಿಕೆ ರಾಶಿಗೆ ವಿಲೋಮ ಅನುಪಾತದಲ್ಲಿರುವುದರಿಂದಲೇ ಹಾರಿಸುವವನ ಕೈ ಉಳಿಯುತ್ತದೆ.

ರಿವಾಲ್ವರನ್ನು ಅರ್ಧ ಕಿಲೋಗೆ ಇಳಿಸಿದರೇನು? ಹೊರುವುದು ಹಗುರವಾಗುತ್ತದೆ, ನಿಜ. ಆದರೆ ಅದೇ ಗುಂಡಿಗೆ ಹಿಮ್ಮೆಟ್ಟುವ ವೇಗ 8.6 ಮೀ/ಸೆ, ಶಕ್ತಿ 18 ಜೌಲ್ ಆಗುತ್ತದೆ. ಕೈಗೆ ಬೀಳುವ ಪೆಟ್ಟು ಇಮ್ಮಡಿ, ಎರಡನೆಯ ಗುರಿ ಹಿಡಿಯುವುದು ಇನ್ನೂ ತಡ. ಸೊಂಟಕ್ಕೆ ಹಗುರವಾದದ್ದು ಕೈಗೆ ಭಾರ!

ಇಲ್ಲಿ ಸಿನಿಮಾದ ಒಂದು ಸುಳ್ಳನ್ನೂ ಬಯಲಿಗೆಳೆಯಬಹುದು. ಗುಂಡು ತಗುಲಿದವನು ತೆರೆಯ ಮೇಲೆ ಹಿಂದಕ್ಕೆ ಹಾರಿಬೀಳುತ್ತಾನೆ. 4.3 ಘಟಕ ಸಂವೇಗ 70 ಕಿಲೋಗ್ರಾಂ ತೂಕದ ದೇಹಕ್ಕೆ ಪೂರ್ತಿ ಸೇರಿದರೂ ಅದು ಪಡೆಯುವ ವೇಗ ಸೆಕೆಂಡಿಗೆ 6 ಸೆಂಟಿಮೀಟರ್ ಅಷ್ಟೆ. ಗುಂಡು ಕೊಲ್ಲುವುದು ತಳ್ಳುವುದರಿಂದಲ್ಲ, ಅಂಗಾಂಗಗಳನ್ನು ಹರಿದುಹಾಕುವುದರಿಂದ.

ನಳಿಗೆಯ ಉದ್ದ

ಸೇನೆಯ ಮಾದರಿಯ ನಳಿಗೆ 19 ಸೆಂಟಿಮೀಟರ್. ನಾಗರಿಕರಿಗಾಗಿ 12 ಸೆಂಟಿಮೀಟರಿನದೂ ಬಂತು. ಮೋಟು ನಳಿಗೆ ಒರೆಯಿಂದ ಬೇಗ ಹೊರಬರುತ್ತದೆ, ಕುಳಿತಾಗ ಚುಚ್ಚುವುದಿಲ್ಲ. ಆದರೆ ಅನಿಲವು ಗುಂಡಿನ ಮೇಲೆ ಮಾಡುವ ಕೆಲಸವೆಂದರೆ ಬಲ ಮತ್ತು ದೂರದ ಗುಣಲಬ್ಧ. ದೂರ ತಗ್ಗಿದರೆ ಗುಂಡಿನ ವೇಗವೂ ತಗ್ಗುತ್ತದೆ. 19 ಸೆಂಟಿಮೀಟರಿನಲ್ಲಿ 260 ಮೀ/ಸೆ ವೇಗ ಬರಬೇಕಾದರೆ ಸರಾಸರಿ ಬಲ ಸುಮಾರು 2,900 ನ್ಯೂಟನ್ ಇರಬೇಕು. ಕಾಲಾವಧಿ ಒಂದೂವರೆ ಮಿಲಿಸೆಕೆಂಡ್. ವಿದ್ಯಾರ್ಥಿಗಳು ಚಲನೆಯ ಸಮೀಕರಣಗಳಿಂದ ಇದನ್ನು ತಾಳೆ ನೋಡಬಹುದು.

ಗುರಿಯ ನಿಖರತೆಯೂ ಉದ್ದವನ್ನು ಅವಲಂಬಿಸಿದೆ. ಗುರಿ ಹಿಡಿಯುವ ಮುಂದಿನ ಮೊನೆ ಮತ್ತು ಹಿಂದಿನ ಸೀಳಿನ ನಡುವೆ 22 ಸೆಂಟಿಮೀಟರ್ ಅಂತರವಿದ್ದು, ಮೊನೆ ಒಂದು ಮಿಲಿಮೀಟರ್ ಸರಿಯಿತೆನ್ನೋಣ. 20 ಮೀಟರ್ ದೂರದಲ್ಲಿ ಗುಂಡು 9 ಸೆಂಟಿಮೀಟರ್ ತಪ್ಪುತ್ತದೆ. ಅಂತರ 15 ಸೆಂಟಿಮೀಟರ್ ಆದರೆ ತಪ್ಪು 13 ಸೆಂಟಿಮೀಟರ್. ಇದು ಸಮರೂಪ ತ್ರಿಭುಜಗಳ ಪಾಠ.

ಆರು ಕುಳಿ, ಐದು ತೋಟಾ

1873ರ ರಿವಾಲ್ವರಿನಲ್ಲಿ ಹ್ಯಾಮರಿನ ಮೊನೆ ನೇರವಾಗಿ ತೋಟಾದ ಹಿಂಬದಿಯ ಮೇಲೆ ಕೂರುತ್ತಿತ್ತು. ರಿವಾಲ್ವರ್ ಒಂದು ಮೀಟರ್ ಎತ್ತರದಿಂದ ಬಿದ್ದರೆ ಬಿಡುಗಡೆಯಾಗುವ ಶಕ್ತಿ 10 ಜೌಲ್. ಹ್ಯಾಮರಿನ ಮೇಲೇ ಬಿದ್ದರೆ, ಇದರ ಒಂದು ಭಾಗವೇ ತೋಟಾ ಸಿಡಿಯಲು ಸಾಕು. 1876ರ ಜನವರಿಯಲ್ಲಿ ವಿಚಿಟಾ ಊರಿನಲ್ಲಿ ಪೊಲೀಸ್ ಅಧಿಕಾರಿ ವಯಟ್ ಅರ್ಪ್ ಕುಳಿತಿದ್ದಾಗ ಅವನ ರಿವಾಲ್ವರ್ ಒರೆಯಿಂದ ಜಾರಿ ನೆಲಕ್ಕೆ ಬಿದ್ದು ಗುಂಡು ಹಾರಿತು. ಅದು ಅವನ ಕೋಟನ್ನು ತೂರಿಹೋಯಿತು. ಇಂಥ ಅಪಾಯದಿಂದಾಗಿಯೇ ಬಲ್ಲವರು ಐದೇ ತೋಟಾ ತುಂಬಿ, ಹ್ಯಾಮರನ್ನು ಖಾಲಿ ಕುಳಿಯ ಮೇಲೆ ಇರಿಸುತ್ತಿದ್ದರು. ಆರನೆಯ ಗುಂಡಿಗಿಂತ ಸ್ವಂತ ಕಾಲು ಮುಖ್ಯ! ಹ್ಯಾಮರಿಗೂ ತೋಟಾಕ್ಕೂ ನೇರ ಸಂಪರ್ಕವಾಗದಂತೆ ತಡೆಯುವ ವ್ಯವಸ್ಥೆಗಳು ಬಂದದ್ದು ಅನಂತರ.

ಹಗುರ, ಬಲ, ನಿಖರತೆ, ಸುರಕ್ಷೆ - ಈ ನಾಲ್ಕನ್ನೂ ಒಟ್ಟಿಗೆ ಕೊಡುವ ಆಯುಧ ಆಗ ಯಾರಿಗೂ ದೊರೆಯಲಿಲ್ಲ. ಕಂಪನಿಗಳ ಕೌಶಲ ಸಾಲದೆ ಹೋದದ್ದಷ್ಟೇ ಇದಕ್ಕೆ ಕಾರಣವಲ್ಲ. ಸುರಕ್ಷೆಯ ಸಮಸ್ಯೆಯನ್ನು ಉತ್ತಮ ವಿನ್ಯಾಸ ಪರಿಹರಿಸಿತು. ಸಂವೇಗದ ಲೆಕ್ಕವನ್ನು ಯಾವ ವಿನ್ಯಾಸವೂ ತಪ್ಪಿಸಲಾರದು. ಕೆಲವು ಊರುಗಳು ಬೇರೊಂದು ದಾರಿ ಹಿಡಿದವು. ಅರಿಜೋನಾದ ಟೂಂಬ್‌ಸ್ಟೋನ್ ಪಟ್ಟಣ 1881ರಲ್ಲಿ ಊರೊಳಗೆ ಆಯುಧ ಒಯ್ಯುವುದನ್ನೇ ನಿಷೇಧಿಸಿತು. ಅದೇ ವರ್ಷ ಅಕ್ಟೋಬರ್ 26ರಂದು ಅಲ್ಲಿ ನಡೆದ ಪ್ರಸಿದ್ಧ ಗುಂಡಿನ ಕಾಳಗಕ್ಕೆ ಈ ನಿಯಮದ ಉಲ್ಲಂಘನೆಯೂ ಒಂದು ನೆಪವಾಗಿತ್ತು; ಮೂವರು ಸತ್ತರು. ಯಾವುದನ್ನು ಒಯ್ಯಬೇಕೆಂಬುದಕ್ಕೆ ಭೌತವಿಜ್ಞಾನ ಲೆಕ್ಕ ಕೊಡಬಲ್ಲದು. ಒಯ್ಯಬೇಕೆ ಬೇಡವೆ ಎಂಬುದನ್ನು ಸಮಾಜವೇ ತೀರ್ಮಾನಿಸಬೇಕು.