ಹತ್ತು ಗಂಟೆಯ ಜೂನೋ: ತಿಮಿಂಗಿಲವೂ ಬೇಕು, ಹಿಮನದಿಯೂ ಬೇಕು

ಅಲಾಸ್ಕಾದ ರಾಜಧಾನಿ ಜೂನೋಗೆ ಹೊರಗಿನಿಂದ ರಸ್ತೆಯೇ ಇಲ್ಲ. ಎದುರಿಗೆ ಸಮುದ್ರ, ಬೆನ್ನಿಗೆ ಕಡಿದಾದ ಬೆಟ್ಟ, ಬೆಟ್ಟದ ಆಚೆ ಜೂನೋ ಐಸ್‌ಫೀಲ್ಡ್ ಎಂಬ ಮುಗಿಯದ ಮಂಜಿನ ಬಯಲು. ಬರುವವರು ವಿಮಾನದಲ್ಲಿ ಬರಬೇಕು, ಇಲ್ಲವೇ ಹಡಗಿನಲ್ಲಿ. ಸುಮಾರು 32 ಸಾವಿರ ಜನರಿರುವ ಈ ಊರಿಗೆ 2023ರಲ್ಲಿ ಕ್ರೂಸ್ ಹಡಗುಗಳಲ್ಲಿ ಬಂದವರ ಸಂಖ್ಯೆ 16 ಲಕ್ಷ ದಾಟಿತ್ತು. ಬಂದವರಲ್ಲಿ ಹೆಚ್ಚಿನವರಿಗೆ ಸಿಗುವುದು ಎಂಟು, ಹತ್ತು, ಹೆಚ್ಚೆಂದರೆ ಹನ್ನೆರಡು ಗಂಟೆ. ಅಷ್ಟರಲ್ಲಿ ತಿಮಿಂಗಿಲ ನೋಡಬೇಕು, ಹಿಮನದಿಯ ಹತ್ತಿರ ನಡೆಯಬೇಕು, ಆದರೆ ಕರಡಿಯನ್ನೂ ನೋಡಬೇಕು, ಹೆಲಿಕಾಪ್ಟರ್ ಹತ್ತಬೇಕು, ಹಡಗು ಬಿಡುವುದರೊಳಗೆ ಹಿಂತಿರುಗಬೇಕು.

ಈಚೆಗೆ ಈ ಪ್ರವಾಸ ನಮ್ಮವರ ಮನೆಗಳಲ್ಲೂ ಮಾತಿಗೆ ಬರುತ್ತಿದೆ. ಮಗನೋ ಮಗಳೋ ಸಿಯಾಟಲ್ ಕಡೆ ಕೆಲಸದಲ್ಲಿದ್ದರೆ, ಅಪ್ಪ ಅಮ್ಮ ಬೇಸಿಗೆಯಲ್ಲಿ ಬಂದಾಗ ಏಳು ದಿನದ ಅಲಾಸ್ಕಾ ಕ್ರೂಸ್ ಸಹಜವಾಗಿ ಪಟ್ಟಿ ಸೇರುತ್ತದೆ. ನಮ್ಮದೂ ಅದೇ ಕಥೆ. ತಮ್ಮ ಸಿಯಾಟಲ್‌ನಲ್ಲಿ, ನಾವು ಪುಣೆಯಲ್ಲಿ, ಅಪ್ಪ ಅಮ್ಮ ಶಿವಮೊಗ್ಗದಲ್ಲಿ. ಎಪ್ಪತ್ತು ದಾಟಿದ ಅಪ್ಪ, ಮಂಡಿನೋವಿನ ಅಮ್ಮ, ಹತ್ತು ವರ್ಷದ ಮಗಳು ಸೇರಿ ಏಳು ಜನ. ಅಪ್ಪ ಅಮ್ಮ ಇನ್ನೊಮ್ಮೆ ಅಷ್ಟು ದೂರ ಬರುವುದು ಅನುಮಾನವೆಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಾಗಾಗಿ ಜೂನೋದ ಒಂದು ದಿನಕ್ಕೆ ಎರಡು ತಿಂಗಳು ವಾಟ್ಸಾಪ್‌ನಲ್ಲಿ ಚರ್ಚೆ ನಡೆಯಿತು. ಆಫೀಸಿನ ಯಾವ ಪ್ರಾಜೆಕ್ಟಿಗೂ ನಾನು ಅಷ್ಟು ಎಕ್ಸೆಲ್ ಹಾಳೆ ತುಂಬಿಸಿಲ್ಲ.

ಲೆಕ್ಕವನ್ನು ಹಡಗು ಬರುವ ಹೊತ್ತಿನಿಂದ ಅಲ್ಲ, ಹೊರಡುವ ಹೊತ್ತಿನಿಂದ ಹಿಂದಕ್ಕೆ ಹಾಕಬೇಕು. ಹಡಗು ಬೆಳಿಗ್ಗೆ 8ಕ್ಕೆ ಬಂದು ಸಂಜೆ 6ಕ್ಕೆ ಹೊರಡುತ್ತದೆ ಎಂದುಕೊಳ್ಳಿ. ಕಾಗದದ ಮೇಲೆ ಅದು ಹತ್ತು ಗಂಟೆ. ಆದರೆ ಸಾಮಾನ್ಯವಾಗಿ ಅರ್ಧ ಗಂಟೆ ಮೊದಲೇ ಎಲ್ಲರೂ ಒಳಗಿರಬೇಕು, ಅಂದರೆ 5.30. ಅದಕ್ಕೂ ಒಂದೂವರೆ ಗಂಟೆ ಮೊದಲು ಹಡಗುಕಟ್ಟೆಗೆ ಬಂದಿರುವುದು ಕ್ಷೇಮ, ಅಂದರೆ 4. ಈ ಕಡೆ ಹಡಗು ಕಟ್ಟೆಗೆ ತಾಗಿ, ಸಾವಿರಾರು ಜನ ಸಾಲಿನಲ್ಲಿ ಇಳಿದು ನೀವು ಬಸ್ಸಿನ ಹತ್ತಿರ ನಿಲ್ಲುವಾಗ 9 ಆಗಿರುತ್ತದೆ. ಹತ್ತು ಗಂಟೆ ಹೀಗೆ ಏಳಕ್ಕೆ ಇಳಿಯುತ್ತದೆ. ಕೆಲವು ಹಡಗುಗಳು ಊರಿನ ನಡುವೆ ನಿಲ್ಲದೆ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಎ.ಜೆ. ಡಾಕ್‌ನಲ್ಲಿ ನಿಲ್ಲುತ್ತವೆ. ಅಲ್ಲಿಂದ ಶಟಲ್ ಬಸ್ಸು ಹಿಡಿಯಬೇಕು, ಅದಕ್ಕೂ ಹೊತ್ತು ತೆಗೆದಿಡಿ. ಗಡಿಯಾರದ ವಿಷಯದಲ್ಲಿ ಹಡಗಿನ ಸಮಯವೇ ಪ್ರಮಾಣ. ಅಲಾಸ್ಕಾ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ, ಮೊಬೈಲ್ ಏರೋಪ್ಲೇನ್ ಮೋಡಿನಲ್ಲಿದ್ದರೆ ಅದಕ್ಕೆ ಈ ಸಂಗತಿ ತಿಳಿಯುವುದಿಲ್ಲ.

ಏಳು ಗಂಟೆಯಲ್ಲಿ ಏನೇನು ಹಿಡಿಸುತ್ತದೆ? ತಿಮಿಂಗಿಲ ನೋಡುವ ದೋಣಿಗಳು ಊರಿನಿಂದ ಹೊರಡುವುದಿಲ್ಲ. ಅವು ಸುಮಾರು 20 ಕಿಲೋಮೀಟರ್ ಆಚೆಯ ಆಕ್ ಬೇ ಎಂಬ ಕೊಲ್ಲಿಯಲ್ಲಿರುತ್ತವೆ. ಬಸ್ಸಿನ ಹೋಗಿಬರುವಿಕೆ ಸೇರಿ ಮೂರೂವರೆಯಿಂದ ನಾಲ್ಕು ಗಂಟೆ. ಮೆಂಡೆನ್‌ಹಾಲ್ ಹಿಮನದಿಯೂ ಊರಿನಿಂದ ಹೆಚ್ಚುಕಡಿಮೆ ಅಷ್ಟೇ ದೂರ, ಅದೂ ಅದೇ ದಿಕ್ಕಿನಲ್ಲಿ. ಇಡೀ ದಿನದ ಕೀಲಿಕೈ ಇಲ್ಲಿದೆ. ದೋಣಿ ಮುಗಿಸಿ ಊರಿಗೆ ಬಂದು, ಮತ್ತೆ ಹಿಮನದಿಗೆ ಹೊರಟರೆ ಮುಕ್ಕಾಲು ಗಂಟೆ ಬಸ್ಸಿನಲ್ಲೇ ಹೋಗುತ್ತದೆ. ಆಕ್ ಬೇಯಿಂದ ನೇರವಾಗಿ ಹಿಮನದಿಗೆ ಬಿಡುವವರನ್ನು ಹುಡುಕಿದರೆ ಆ ಮುಕ್ಕಾಲು ಗಂಟೆ ನಿಮ್ಮದು. ಆದರೆ ಹಿಮನದಿಯ ಪ್ರದೇಶ ಅರಣ್ಯ ಇಲಾಖೆಯ ಸುಪರ್ದಿಯಲ್ಲಿದೆ, ವಾಣಿಜ್ಯ ವಾಹನಗಳಿಗೆ ಅನುಮತಿ ಮಿತಿಯಲ್ಲಿ ಸಿಗುತ್ತದೆ. 'ಹಿಮನದಿಯನ್ನೂ ತೋರಿಸುತ್ತೇವೆ' ಅನ್ನುವವರನ್ನು, ಒಳಗೆ ಇಳಿಸುತ್ತೀರಾ, ದೂರದಿಂದ ತೋರಿಸುತ್ತೀರಾ, ಎಷ್ಟು ಹೊತ್ತು ಬಿಡುತ್ತೀರಾ ಎಂದು ಬಿಡಿಸಿ ಕೇಳಿ. ಊರಿನ ಸಾಮಾನ್ಯ ಬಸ್ಸು ಅಗ್ಗವೇ, ಆದರೆ ಅದು ನಿಲ್ಲುವ ಜಾಗದಿಂದ ಎರಡು ಕಿಲೋಮೀಟರಿಗೂ ಹೆಚ್ಚು ನಡೆಯಬೇಕು.

ತಮ್ಮನಿಗೆ ಹೆಲಿಕಾಪ್ಟರ್ ಆಸೆ. ಹಿಮದ ಮೇಲೆ ಇಳಿಸಿ, ಬೂಟಿಗೆ ಮೊಳೆಪಟ್ಟಿ ಕಟ್ಟಿ ನಡೆಸುತ್ತಾರೆ. "ಅಲ್ಲಾ ಅಣ್ಣ, ಇಷ್ಟು ದೂರ ಬಂದು ಐಸ್ ಮೇಲೆ ಕಾಲಿಡದೆ ಹೋಗೋದಾ?" ಎಂದು ಅವನ ವಾದ. ತಪ್ಪೇನಿಲ್ಲ. ಆದರೆ ತಲೆಗೆ 300 ಡಾಲರಿಗೂ ಮೇಲೆ, ತಯಾರಿ ಸೇರಿ ಎರಡೂವರೆ ಮೂರು ಗಂಟೆ. ಮೋಡ ಕೆಳಗಿಳಿದರೆ ಹಾರಾಟ ರದ್ದು, ಮತ್ತು ಜೂನೋದಲ್ಲಿ ಮೋಡ ಇಳಿಯುವುದು ಅಪರೂಪದ ಘಟನೆಯಲ್ಲ. ಅದು ಮಳೆಕಾಡಿನ ಸೀಮೆ, ಟಾಂಗಸ್ ಅರಣ್ಯದ ಮಡಿಲು. ಆಗುಂಬೆಯ ಮಳೆ ನೋಡಿದವರಿಗೆ ಅಲ್ಲಿನದು ಹನಿಯಂತೆ ಕಾಣಬಹುದು, ಆದರೆ ಪೈಲಟ್‌ಗೆ ಬೇಕಾದದ್ದು ಮಳೆಯ ಅಳತೆಯಲ್ಲ, ಕಣ್ಣಿಗೆ ಕಾಣುವ ದೂರ.

ಇಂಥ ದಿನವನ್ನು ಜೋಡಿಸಲು ನಾನು ಕಂಡುಕೊಂಡ ಸೂತ್ರ ಒಂದೇ. ಅರ್ಧಕ್ಕೆ ಬಿಟ್ಟು ಬರಲಾಗದ್ದು ಮೊದಲು, ಎಷ್ಟು ಬೇಕಾದರೂ ಕುಗ್ಗಿಸಬಹುದಾದದ್ದು ಕೊನೆಗೆ. ದೋಣಿ ಹತ್ತಿದ ಮೇಲೆ ನಡುನೀರಿನಲ್ಲಿ ಇಳಿಯಲಾಗುವುದಿಲ್ಲ, ಹೆಲಿಕಾಪ್ಟರಿನಲ್ಲೂ ಅಷ್ಟೇ. ಹಿಮನದಿಯ ಕಾಲುದಾರಿ ಹಾಗಲ್ಲ. ಹೊತ್ತಿದ್ದರೆ ಎರಡು ಗಂಟೆ ನಡೆಯಿರಿ, ಇಲ್ಲದಿದ್ದರೆ ಇಪ್ಪತ್ತು ನಿಮಿಷ ನಿಂತು ನೋಡಿ ಹಿಂತಿರುಗಿ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಬೆಳಿಗ್ಗೆ ಆರಾಮವಾಗಿ ಹಿಮನದಿಗೆ ಹೋಗಿ, ಮಧ್ಯಾಹ್ನದ ಕೊನೆಯ ದೋಣಿ ಹಿಡಿದು, ತಿಮಿಂಗಿಲ ಬಾಲ ಎತ್ತುವಾಗ ವಾಚು ನೋಡುತ್ತಾ ಕೂರುತ್ತಾರೆ. ಹಡಗು ತಪ್ಪಿದರೆ ಮುಂದಿನ ಬಂದರಿಗೆ ಟ್ಯಾಕ್ಸಿಯಲ್ಲಿ ಬೆನ್ನಟ್ಟುವ ಮಾತೇ ಇಲ್ಲ, ರಸ್ತೆಯಿಲ್ಲದ ಊರು ಎಂದೆನಲ್ಲ. ಸಣ್ಣ ವಿಮಾನ ಅಥವಾ ಫೆರಿ ಹುಡುಕಬೇಕು, ಖರ್ಚು ನಿಮ್ಮದೇ.

ಹಡಗಿನವರ ಮೂಲಕವೇ ಬುಕ್ ಮಾಡಬೇಕೋ, ಹೊರಗೆ ನೇರವಾಗಿಯೋ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಹಡಗಿನ ಪ್ರವಾಸ ತಡವಾದರೆ ಹಡಗು ಕಾಯುತ್ತದೆ ಅಥವಾ ಅವರೇ ಮುಂದಿನ ಬಂದರಿಗೆ ಮುಟ್ಟಿಸುತ್ತಾರೆ. ಹೊರಗಿನದಾದರೆ ಯಾರೂ ಕಾಯುವುದಿಲ್ಲ, ಆದರೆ ದೋಣಿ ಚಿಕ್ಕದು, ಜನ ಕಡಿಮೆ, ಹಣವೂ ಸ್ವಲ್ಪ ಕಡಿಮೆ. ನಾನು ಎಲ್ಲವನ್ನೂ ಒಂದೇ ಕಡೆ ಮಾಡಿ ಎನ್ನುವವನಲ್ಲ. ಬೆಳಗಿನ ದೋಣಿಗೆ ಹೊರಗಿನವರು ಸಾಕು, ಏಕೆಂದರೆ ಅದರ ನಂತರ ಇನ್ನೂ ಮೂರು ಗಂಟೆ ಇರುತ್ತದೆ. ದಿನದ ಕೊನೆಯ ಕಾರ್ಯಕ್ರಮವೇ ದೋಣಿಯೋ ಹೆಲಿಕಾಪ್ಟರೋ ಆಗುವಂತಿದ್ದರೆ ಹೆಚ್ಚು ಹಣ ಕೊಟ್ಟಾದರೂ ಹಡಗಿನವರ ಮೂಲಕ ಹೋಗಿ. ಹೊರಗೆ ಬುಕ್ ಮಾಡುವಾಗ ಒಂದು ಮಾತು ಬರಹದಲ್ಲಿ ಪಡೆಯಿರಿ: ಹಡಗು ತಡವಾಗಿ ಬಂದರೆ, ಅಥವಾ ಜೂನೋಗೆ ಬರದೆಯೇ ಹೋದರೆ, ಹಣ ವಾಪಸ್ ಬರುತ್ತದೆಯೇ?

ಇನ್ನು ತಿಮಿಂಗಿಲದ ವಿಷಯ. ಜೂನೋ ಸುತ್ತ ಬೇಸಿಗೆಯಲ್ಲಿ ಕಾಣುವುದು ಹಂಪ್‌ಬ್ಯಾಕ್. ಚಳಿಗಾಲವನ್ನು ಹವಾಯಿಯ ಬೆಚ್ಚಗಿನ ನೀರಿನಲ್ಲಿ, ಮರಿ ಹಾಕುತ್ತಾ, ಹೆಚ್ಚುಕಡಿಮೆ ಉಪವಾಸದಲ್ಲೇ ಕಳೆದು, ಸಾವಿರಾರು ಕಿಲೋಮೀಟರ್ ಈಜಿ ಇಲ್ಲಿಗೆ ಉಣ್ಣಲು ಬರುತ್ತವೆ. ಹೆರಿಂಗ್ ಮೀನು, ಕ್ರಿಲ್ ಎಂಬ ಸಿಗಡಿಯಂಥ ಪುಟ್ಟ ಜೀವಿ ಇವುಗಳ ಊಟ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಕಾಣದೆ ಹೋಗುವುದು ಕಡಿಮೆ. ಕಬಿನಿಯಲ್ಲಿ ಹುಲಿಗಾಗಿ ಜೀಪಿನಲ್ಲಿ ಕಾದವರಿಗೆ ಈ ಖಾತ್ರಿ ವಿಚಿತ್ರವೆನಿಸುತ್ತದೆ. ಆದರೆ ಹುಡುಕುವ ಬಗೆ ಅದೇ. ಅಲ್ಲಿ ಜಿಂಕೆಯ ಕೂಗಿಗೆ ಕಿವಿಗೊಡುವಂತೆ ಇಲ್ಲಿ ಕಡಲಹಕ್ಕಿಗಳು ಎಲ್ಲಿ ಮುತ್ತಿವೆ, ಎಲ್ಲಿ ಉಸಿರಿನ ಬಿಳಿ ಹೊಗೆ ಎದ್ದಿತು ಎಂದು ನೋಡುತ್ತಿರಬೇಕು. ಎಂಜಿನ್ ಆರಿಸಿದಾಗ ಮೊದಲು ಕೇಳುವುದು ಉಸಿರು, ಹಳೆಯ ಕುಕ್ಕರಿನ ವಿಸಿಲ್ ತೆಗೆದಂಥ ಶಬ್ದ. ಅದೃಷ್ಟವಿದ್ದರೆ ಇನ್ನೊಂದು ನೋಟವಿದೆ. ಹಲವು ತಿಮಿಂಗಿಲಗಳು ಸೇರಿ ಮೀನಿನ ಗುಂಪಿನ ಸುತ್ತ ಕೆಳಗಿನಿಂದ ಗುಳ್ಳೆಗಳ ಬಲೆ ಹೆಣೆದು, ಬಾಯಿ ತೆರೆದು ಒಟ್ಟಿಗೆ ಮೇಲೇಳುತ್ತವೆ. ಅದು ಪ್ರತಿ ದೋಣಿಗೂ ಸಿಗುವುದಿಲ್ಲ. ಸಿಗುತ್ತದೆ ಎಂದು ಮಾತು ಕೊಡುವವರ ದೋಣಿ ಹತ್ತಬೇಡಿ.

ಅಲಾಸ್ಕಾದಲ್ಲಿ ಹಂಪ್‌ಬ್ಯಾಕ್‌ಗೆ 100 ಗಜಕ್ಕಿಂತ ಹತ್ತಿರ ದೋಣಿ ಒಯ್ಯುವಂತಿಲ್ಲ, ಅದು ಬರುವ ದಾರಿಯಲ್ಲಿ ಮೊದಲೇ ಹೋಗಿ ಅಡ್ಡ ನಿಂತು ಕಾಯುವಂತೆಯೂ ಇಲ್ಲ. 2001ರಿಂದ ಇರುವ ನಿಯಮ. ಅದಕ್ಕಿಂತ ಬಿಗಿಯಾದ ಶಿಸ್ತನ್ನು ಸ್ವಇಚ್ಛೆಯಿಂದ ಒಪ್ಪಿಕೊಂಡ ದೋಣಿಗಳಿಗೆ ವೇಲ್ ಸೆನ್ಸ್ ಎಂಬ ಗುರುತು ಇದೆ, 2015ರಿಂದ ಅಲಾಸ್ಕಾದಲ್ಲೂ ನಡೆಯುತ್ತಿದೆ. ಆಯ್ಕೆಗೆ ನಾನು ಸ್ಟಾರ್ ರೇಟಿಂಗ್‌ಗಿಂತ ಇದನ್ನೇ ನಂಬಿದೆ. 'ಇನ್ನೂ ಹತ್ತಿರ ಹೋಗಿ' ಎಂದು ಕ್ಯಾಪ್ಟನ್‌ಗೆ ಗೋಗರೆಯುವ ಪ್ರಯಾಣಿಕರು ಎಲ್ಲ ದೇಶದವರೂ ಇರುತ್ತಾರೆ, ನಮ್ಮ ಸಫಾರಿ ಜೀಪುಗಳ ಅಭ್ಯಾಸ ಅಲ್ಲಿಗೆ ಒಯ್ಯುವುದು ಬೇಡ. ನೂರು ಗಜದಲ್ಲಿ ಬಸ್ಸಿನಷ್ಟು ಉದ್ದದ ಪ್ರಾಣಿ ಚಿಕ್ಕದಾಗಿ ಕಾಣುವುದಿಲ್ಲ.

ಅಮ್ಮನ ಬೇಡಿಕೆ ಚುಟುಕಾಗಿತ್ತು: "ನನಗೆ ಹಾರೋದು, ಹತ್ತೋದು ಯಾವುದೂ ಬೇಡ ಕಣೋ. ಕೂತ್ಕೊಂಡು ನೋಡೋ ಹಾಗಿದ್ರೆ ಹೇಳು." ದೋಣಿಯ ಮಟ್ಟಿಗೆ ಅದು ಸುಲಭ. ಗಾಜಿನ ಕಿಟಕಿಯ, ಬೆಚ್ಚಗಿನ, ಶೌಚಾಲಯವಿರುವ ದೋಣಿಗಳಿವೆ, ಮೊದಲೇ ಕೇಳಿಕೊಳ್ಳಬೇಕಷ್ಟೆ. ಹಿಮನದಿಯ ಬಳಿ ನಮ್ಮ ಗುಂಪು ಎರಡಾಯಿತು. ಅಮ್ಮ ಅಪ್ಪ ವಿಸಿಟರ್ ಸೆಂಟರ್ ಕಡೆ ಉಳಿದರು. ಗಾಲಿಕುರ್ಚಿಯೂ ಹೋಗಬಹುದಾದ ಸಣ್ಣ ದಾರಿಯಲ್ಲಿ ಹೋದರೆ ಹಿಮನದಿ ಎದುರಿಗೇ ಕಾಣುತ್ತದೆ. ಉಳಿದವರು ನಗೆಟ್ ಜಲಪಾತದ ಕಡೆ ನಡೆದೆವು. 377 ಅಡಿಯಿಂದ ಬೀಳುವ ನೀರು, ಹೋಗಿಬರಲು ಮೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ದಾರಿ ಬಹುತೇಕ ಸಮತಟ್ಟು. ಕುಟುಂಬ ಎಂದಮೇಲೆ ಎಲ್ಲರೂ ಎಲ್ಲ ಕಡೆ ಒಟ್ಟಿಗೇ ಇರಬೇಕೆಂಬ ಹಟದಿಂದ ಎಷ್ಟೋ ಪ್ರವಾಸಗಳು ಕೆಡುತ್ತವೆ. ಒಂದೂವರೆ ಗಂಟೆ ಬೇರೆಯಾಗಿ, ಹೇಳಿದ ಜಾಗದಲ್ಲಿ ಹೇಳಿದ ಹೊತ್ತಿಗೆ ಸೇರಿದರೆ ಸಾಕು. ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳದೆ ಜಾಗವನ್ನು ಬಾಯಲ್ಲೇ ಗೊತ್ತುಮಾಡಿ.

ತಮ್ಮನ ಹೆಲಿಕಾಪ್ಟರ್ ನಮ್ಮ ಪಟ್ಟಿಯಿಂದ ಬಿದ್ದುಹೋಯಿತು. ಏಳು ಗಂಟೆಗೆ ತಿಮಿಂಗಿಲ ಮತ್ತು ಹೆಲಿಕಾಪ್ಟರ್ ಹಿಡಿಸುತ್ತವೆ, ತಿಮಿಂಗಿಲ ಮತ್ತು ಜಲಪಾತದ ನಡಿಗೆಯೂ ಹಿಡಿಸುತ್ತವೆ. ಮೂರೂ ಹಿಡಿಸುವುದಿಲ್ಲ. ಹಡಗು ರಾತ್ರಿ 10ಕ್ಕೆ ಹೊರಡುವಂತಿದ್ದರೆ ಮಾತು ಬೇರೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಹತ್ತರ ಸುಮಾರಿಗೆ, ಸಂಜೆಯ ದೋಣಿಗೂ ಒಳ್ಳೆಯ ಬೆಳಕಿರುತ್ತದೆ. ಹೆಲಿಕಾಪ್ಟರ್ ಬೇಕೇಬೇಕು ಎನ್ನುವವರು ಅದನ್ನು ಬೆಳಿಗ್ಗೆ ಮೊದಲಿಗೇ ಇಟ್ಟುಕೊಂಡು, ನಂತರ ಒಂದು ಗಂಟೆ ಖಾಲಿ ಬಿಡಲಿ. ರದ್ದಾದರೆ ಅದೇ ಹೊತ್ತಿನಲ್ಲಿ ಜಲಪಾತ ಇದ್ದೇ ಇದೆ.

ಕರಡಿ ನೋಡುವ ಆಸೆಯಿದ್ದರೆ ತಿಂಗಳನ್ನು ಅದರ ಮೇಲೆ ಆರಿಸಿ. ಹಿಮನದಿಯ ಪಕ್ಕದಲ್ಲೇ ಹರಿಯುವ ಸ್ಟೀಪ್ ಕ್ರೀಕ್ ತೊರೆಗೆ ಜುಲೈ ಮಧ್ಯದಿಂದ ಸಾಕೈ ಜಾತಿಯ ಸಾಲ್ಮನ್ ಮೊಟ್ಟೆಯಿಡಲು ಏರಿಬರುತ್ತದೆ, ಅದನ್ನು ತಿನ್ನಲು ಕಪ್ಪು ಕರಡಿಗಳು ಬರುತ್ತವೆ. ಸೆಪ್ಟೆಂಬರ್‌ವರೆಗೂ ಈ ಸಂಭ್ರಮ. ಮರದ ಹಲಗೆಯ ಎತ್ತರದ ದಾರಿಯ ಮೇಲಿಂದಲೇ ನೋಡಬಹುದು, ಬೇರೆ ಟಿಕೆಟ್ಟೂ ಇಲ್ಲ. ಮೇ, ಜೂನ್‌ನಲ್ಲಿ ಮಳೆ ಕಡಿಮೆ, ಆದರೆ ಸಾಲ್ಮನ್ ಇಲ್ಲ. ಆಗಸ್ಟ್‌ಗೆ ಇನ್ನೊಂದು ತಕರಾರಿದೆ. ಹಿಮನದಿಯ ಮೇಲ್ಭಾಗದ ಕಣಿವೆಯೊಂದರಲ್ಲಿ ಕಟ್ಟಿನಿಂತ ನೀರು ಹಿಮದಡಿಯಿಂದ ಒಮ್ಮೆಲೇ ನುಗ್ಗುವುದು 2011ರಿಂದ ನಡೆಯುತ್ತಿದೆ. 2023, 2024, 2025 ಮೂರೂ ವರ್ಷ ದೊಡ್ಡ ಪ್ರವಾಹ ಬಂದದ್ದು ಆಗಸ್ಟ್‌ನಲ್ಲೇ. ಅಂಥ ದಿನ ಆ ಪ್ರದೇಶ ಮುಚ್ಚಿರಬಹುದು, ಬೆಳಿಗ್ಗೆ ಇಳಿಯುವ ಮೊದಲೇ ಸುದ್ದಿ ನೋಡಿ. ಹಿಮನದಿಯೂ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿದೆ. 1962ರಲ್ಲಿ ವಿಸಿಟರ್ ಸೆಂಟರ್ ಕಟ್ಟಿದಾಗ ಕಿಟಕಿಯಾಚೆ ಹತ್ತಿರದಲ್ಲಿದ್ದ ಮಂಜು ಈಗ ಸರೋವರದ ಆ ತುದಿಗೆ ಹೋಗಿದೆ.

ಒಂದು ಕಡ್ಡಾಯ ಸೂಚನೆ: ಹಿಮನದಿಯ ಆವರಣದ ಬಯಲಿನಲ್ಲಿ ನೀರು ಬಿಟ್ಟು ಬೇರೇನನ್ನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ವಾಸನೆಗೆ ಕರಡಿ ಬರುತ್ತದೆ. ಅಮ್ಮನ ಕೋಡುಬಳೆ, ಚಕ್ಕುಲಿ ದೋಣಿಯಲ್ಲೇ ಮುಗಿಸಿದೆವು. ಸಸ್ಯಾಹಾರಿಗಳು ಏನಾದರೂ ಒಣತಿಂಡಿ ಒಯ್ಯುವುದೇ ಮೇಲು. ಹಡಗಿನ ಬಫೆಯ ಹಣ್ಣನ್ನು ದಡಕ್ಕೆ ತರಬಾರದು.

ವೀಸಾ ಎಲ್ಲಕ್ಕಿಂತ ಮೊದಲಿನ ಕೆಲಸ, ಹಾಗಾಗಿಯೇ ಬಹಳ ಜನ ಅದನ್ನು ಅರ್ಧ ಮಾಡುತ್ತಾರೆ. ಭಾರತದ ಪಾಸ್‌ಪೋರ್ಟ್‌ಗೆ ಅಮೆರಿಕದ ವೀಸಾ ಮಾತ್ರ ಸಾಲದು. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಹಡಗೂ ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತದೆ. ಪ್ರೀತಿಯಿಂದಲ್ಲ. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಜನರನ್ನು ಸಾಗಿಸುವಂತಿಲ್ಲ, ನಡುವೆ ಒಂದು ವಿದೇಶಿ ಬಂದರು ಮುಟ್ಟಬೇಕು ಎಂಬ 1886ರ ಕಾನೂನಿನಿಂದ. ಆದ್ದರಿಂದ ಕೆನಡಾದ ವೀಸಾವೂ ಬೇಕು, ಅಲ್ಲಿ ಇಳಿಯದಿದ್ದರೂ ಹಡಗಿನವರು ಕೇಳುವುದುಂಟು. ಅಮೆರಿಕದ ವೀಸಾ ಒಂದಕ್ಕಿಂತ ಹೆಚ್ಚು ಬಾರಿ ಒಳಬರಲು ಅವಕಾಶವಿರುವಂಥದ್ದೇ ಎಂದು ನೋಡಿಕೊಳ್ಳಿ. ಅಪ್ಪ ಅಮ್ಮನ ಎರಡೂ ವೀಸಾ ಕೈಗೆ ಬಂದ ಮೇಲೆಯೇ ಹಣ ವಾಪಸ್ ಬಾರದ ಟಿಕೆಟ್ ತೆಗೆಯಿರಿ.

ಊರಿನವರಿಗೂ ಈ ಜನಜಂಗುಳಿ ಸಾಕಾಗಿದೆ. 2024ರಿಂದ ದಿನಕ್ಕೆ ಐದು ದೊಡ್ಡ ಹಡಗು ಮಾತ್ರ ಎಂಬ ಒಪ್ಪಂದ ಜಾರಿಗೆ ಬಂತು. ಅದೇ ವರ್ಷ, ಶನಿವಾರ ಹಡಗೇ ಬೇಡ ಎಂಬ ಪ್ರಸ್ತಾಪ ಮತಕ್ಕೆ ಹೋಗಿ ಸೋತಿತು. ಬುಕ್ ಮಾಡುವ ಮೊದಲು ನಿಮ್ಮ ದಿನ ಎಷ್ಟು ಹಡಗು ನಿಲ್ಲುತ್ತವೆ ಎಂದು ಬಂದರಿನ ವೇಳಾಪಟ್ಟಿಯಲ್ಲಿ ನೋಡಿ. ಎರಡು ಹಡಗಿನ ದಿನಕ್ಕೂ ಐದು ಹಡಗಿನ ದಿನಕ್ಕೂ ಜಲಪಾತದ ದಾರಿಯಲ್ಲಿ ಬಹಳ ವ್ಯತ್ಯಾಸವಿದೆ.

ಬಟ್ಟೆಯ ಬಗ್ಗೆ ಹೆಚ್ಚೇನಿಲ್ಲ. ಛತ್ರಿ ದೋಣಿಯಲ್ಲಿ ಕೆಲಸಕ್ಕೆ ಬಾರದು, ಟೋಪಿಯಿರುವ ಮಳೆಯಂಗಿ ಬೇಕು, ಜುಲೈಯಲ್ಲೂ ಒಳಗೊಂದು ಸ್ವೆಟರ್ ಬೇಕು. ಮಾತ್ರೆ ತೆಗೆದುಕೊಳ್ಳುವವರು ದಿನದ ಮಾತ್ರೆಗಳ ಜೊತೆ ಇನ್ನೊಂದು ದಿನದ್ದೂ ಕೈಚೀಲದಲ್ಲಿ ಇಟ್ಟುಕೊಳ್ಳಲಿ. ದುರ್ಬೀನು ಇಬ್ಬರಿಗೊಂದರಂತೆ ಇರಲಿ. ತಿಮಿಂಗಿಲ ಮುಳುಗುವಾಗ ಎತ್ತುವ ಬಾಲದ ಅಡಿಭಾಗದ ಫೋಟೋ ತೆಗೆಯಲು ನೋಡಿ. ಅಲ್ಲಿನ ಕಪ್ಪುಬಿಳಿ ಗುರುತು ನಮ್ಮ ಬೆರಳಚ್ಚಿನಂತೆ, ಒಂದರದ್ದು ಇನ್ನೊಂದಕ್ಕಿಲ್ಲ. ಹ್ಯಾಪಿವೇಲ್ ಎಂಬ ತಾಣಕ್ಕೆ ಆ ಫೋಟೋ ಕಳಿಸಿದರೆ ಕಂಪ್ಯೂಟರ್ ಹೋಲಿಸಿ, ಅದು ಯಾವ ತಿಮಿಂಗಿಲ, ಹಿಂದೆ ಎಲ್ಲೆಲ್ಲಿ ಕಂಡಿತ್ತು ಎಂದು ಹುಡುಕಿಕೊಡುತ್ತದೆ. ಮುಂದೆ ಅದು ಹವಾಯಿಯಲ್ಲೋ ಇನ್ನೆಲ್ಲೋ ಯಾರದೋ ಕ್ಯಾಮೆರಾಗೆ ಸಿಕ್ಕರೆ ನಿಮಗೆ ಮೇಲ್ ಬರುತ್ತದೆ. ನಮ್ಮ ಮನೆಯಲ್ಲಿ ಆ ಮೇಲ್‌ಗೆ ಕಾಯುವ ಕೆಲಸ ಅಪ್ಪನದು. ವಾರಕ್ಕೊಮ್ಮೆ ಫೋನಿನಲ್ಲಿ, "ಏನಾದ್ರೂ ಬಂತೇನೋ?" ಎಂದು ಕೇಳುತ್ತಾರೆ.